ಕ್ಯಾಮೆರಾ ಮುಂದೆ ಹೇಳಿಕೊಂಡ ಮಾತ್ರಕ್ಕೆ ಗಾಯ ಮಾಯುವುದಿಲ್ಲ

ಸಾಕ್ಷ್ಯಚಿತ್ರ ನಿರ್ಮಾಣ, ಆಪ್ತಸಮಾಲೋಚನೆ ಎರಡೂ ನೊಂದವರ ಮಾತನ್ನು ನೆಚ್ಚಿಕೊಂಡ ಕಸುಬುಗಳು. ಎರಡರಲ್ಲೂ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಹೇಳುವುದು ಹೆಚ್ಚಾಗಿ ಮನೆಯವರ ಎದುರೂ ಬಾಯಿಬಿಡದ ಸಂಗತಿ. ಇಷ್ಟು ಹೋಲಿಕೆಯನ್ನೇ ಹಿಡಿದುಕೊಂಡು ಒಂದು ನಂಬಿಕೆ ಬೇರುಬಿಟ್ಟಿದೆ. ಅಂಚಿನ ಸಮುದಾಯದವರು ಕ್ಯಾಮೆರಾ ಎದುರು ಕೂತು ತಮ್ಮ ಕಥೆ ಹೇಳಿಕೊಂಡರೆ ಅರ್ಧ ಚಿಕಿತ್ಸೆ ಆದಂತೆ, ಚಿತ್ರ ಜನರ ಮುಂದೆ ಬಂದರೆ ಉಳಿದರ್ಧವೂ ಮುಗಿದಂತೆ ಎಂಬುದು ಆ ನಂಬಿಕೆ. ಚಿತ್ರೋತ್ಸವದ ಸಂವಾದಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳ ಅನುದಾನದ ಅರ್ಜಿಗಳಲ್ಲಿ, ಪತ್ರಿಕೋದ್ಯಮದ ತರಗತಿಗಳಲ್ಲಿ ಇದನ್ನು ಪ್ರಶ್ನಿಸುವವರು ತೀರಾ ಕಡಿಮೆ. ಇದು ತಪ್ಪು ನಂಬಿಕೆ. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಇದರ ಬೆಲೆ ತೆರುತ್ತಿರುವವರು ದೇವದಾಸಿ ಪದ್ಧತಿಯಿಂದ ಹೊರಬಂದ ಹೆಂಗಸರು, ಮಲ ಹೊರುವ ಕೆಲಸಕ್ಕೆ ಜಾತಿಯ ಕಾರಣದಿಂದ ಕಟ್ಟುಬಿದ್ದ ಕುಟುಂಬಗಳು, ಲೈಂಗಿಕ ಅಲ್ಪಸಂಖ್ಯಾತರು, ಗಲಭೆಯಲ್ಲಿ ಮನೆಮಾರು ಕಳೆದುಕೊಂಡವರು. ಚಿತ್ರ ತೆಗೆದವರಿಗೆ ಅದರ ಬಿಸಿ ತಟ್ಟುವುದಿಲ್ಲ.

ಆಪ್ತರ ಬಳಿ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂಬುದು ಎಲ್ಲರ ಅನುಭವ. ಅಲ್ಲಿ ಕೇಳುವವರು ಪರಿಚಿತರು; ಮಾತು ಅಲ್ಲೇ ಉಳಿಯುತ್ತದೆಂಬ ಭರವಸೆಯಿದೆ; ನಾಳೆ ಮತ್ತೆ ಹುಡುಕಿಕೊಂಡು ಹೋದರೆ ಆ ಜೀವ ಸಿಗುತ್ತದೆ. ಈ ಮೂರನ್ನೂ ಕಿತ್ತುಹಾಕಿ ಹೇಳುವುದೊಂದನ್ನೇ ಉಳಿಸಿಕೊಂಡರೆ ಏನಾಗುತ್ತದೆ? ಇದನ್ನು ಊಹೆಗೆ ಬಿಡಬೇಕಿಲ್ಲ, ಪರೀಕ್ಷಿಸಿ ನೋಡಿದ್ದಾರೆ. ಅದುಮಿಟ್ಟದ್ದನ್ನು ಮಾತಾಗಿಸಿದರೆ ರೋಗ ಇಳಿಯುತ್ತದೆ ಎಂಬ ವಿಚಾರ ವೈದ್ಯಲೋಕದಲ್ಲಿ ನೆಲೆಯೂರಿದ್ದು 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾ ಕುರಿತು ಬರೆದ ಪುಸ್ತಕದಿಂದ. 1980ರ ದಶಕದಲ್ಲಿ ಅದರ ತುಂಡು ರೂಪವೊಂದು ‘ಡೀಬ್ರೀಫಿಂಗ್’ ಎಂಬ ಹೆಸರಿನಲ್ಲಿ ಚಲಾವಣೆಗೆ ಬಂತು: ಅಪಘಾತ, ಬೆಂಕಿ, ದಾಳಿಗೆ ಸಿಕ್ಕವರನ್ನು ಕೆಲವೇ ದಿನಗಳೊಳಗೆ ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವುದು. ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಹದಿಮೂರು ತಿಂಗಳ ನಂತರ ನೋಡಿದರೆ, ಹೇಳಿಸಿದವರಲ್ಲಿ ಶೇ. 26ರಷ್ಟು ಮಂದಿಗೆ ಆಘಾತದ ಮನೋರೋಗ ಅಂಟಿಕೊಂಡಿತ್ತು; ಏನನ್ನೂ ಹೇಳಿಸದೆ ಬಿಟ್ಟವರಲ್ಲಿ ಅದು ಶೇ. 9 ಮಾತ್ರ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಸಮೀಕ್ಷೆ 2002ರಲ್ಲಿ, ನೊಂದವರಿಗೆ ಕಡ್ಡಾಯವಾಗಿ ಡೀಬ್ರೀಫಿಂಗ್ ಮಾಡುವುದನ್ನು ನಿಲ್ಲಿಸಬೇಕು ಎಂದಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ, ಸಂತ್ರಸ್ತರನ್ನು ಒತ್ತಾಯಿಸಿ ಕಥೆ ಹೇಳಿಸಬೇಡಿ ಎಂದೇ ಕಾರ್ಯಕರ್ತರಿಗೆ ಹೇಳುತ್ತದೆ.

ಸಾರ್ವಜನಿಕವಾಗಿ ಹೇಳಿದರೆ? ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳ ಬಹಿರಂಗ ವಿಚಾರಣೆ ಶುರುಮಾಡಿತು. ರೇಡಿಯೊ, ಟೀವಿ ಅದನ್ನು ದೇಶಕ್ಕೆಲ್ಲ ಮುಟ್ಟಿಸಿದವು. ಸಾಕ್ಷಿ ನುಡಿಯುವವರ ಪಕ್ಕದಲ್ಲಿ ಕೂತು ನೀರು ಕೊಡಲು, ಕೈ ಹಿಡಿಯಲು ಆಯೋಗವೇ ನೇಮಿಸಿದ ಜನರಿದ್ದರು. ಹೀಗಿದ್ದೂ, ಸಾಕ್ಷಿ ನುಡಿದವರ ಮಾನಸಿಕ ಆರೋಗ್ಯಕ್ಕೂ ನುಡಿಯದವರ ಆರೋಗ್ಯಕ್ಕೂ ಗುರುತಿಸುವಂಥ ಅಂತರ ಕಾಣಲಿಲ್ಲವೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನರಮೇಧದ ಪ್ರಕರಣಗಳನ್ನು ವಿಚಾರಿಸಿದ ರುವಾಂಡಾದ ಗಚಾಚಾ ನ್ಯಾಯಪಂಚಾಯಿತಿಗಳ ಬಗ್ಗೆ 2010ರಲ್ಲಿ ಬಂದ ಅಧ್ಯಯನ ಇನ್ನೂ ಕಠೋರ: ಸಾಕ್ಷಿ ನುಡಿದವರಲ್ಲಿ ಖಿನ್ನತೆ, ಆಘಾತದ ಲಕ್ಷಣ ಎರಡೂ ಹೆಚ್ಚು. ನ್ಯಾಯ ಕೊಡುವುದಾಗಿ ಮಾತುಕೊಟ್ಟ, ಸರ್ಕಾರದ ಬೆಂಬಲವಿದ್ದ ವ್ಯವಸ್ಥೆಗಳ ಗತಿಯೇ ಇದು. ಹಾಗಿರುವಾಗ ಎರಡು ದಿನಕ್ಕೆ ಊರಿಗೆ ಬಂದು ಹೋಗುವ ಚಿತ್ರತಂಡ ಯಾವ ಆಧಾರದ ಮೇಲೆ ತಾನು ಗಾಯ ಮಾಯಿಸುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತದೆ?

ಸಂದರ್ಶನದ ಕೋಣೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಸದ್ದು ಮೈಕಿಗೆ ಬರುತ್ತದೆಂದು ಫ್ಯಾನ್ ಆರಿಸುತ್ತಾರೆ. ಕಿಟಕಿಗೆ ಚಾದರ ಕಟ್ಟಿ ಬೆಳಕು ತಡೆಯುತ್ತಾರೆ. ಅತ್ತೆ, ಮಕ್ಕಳು, ಪಕ್ಕದ ಮನೆಯಾಕೆ, ಅಂದರೆ ಆ ಹೆಂಗಸಿಗೆ ಆಸರೆಯಾಗಿರುವವರೆಲ್ಲ ಹೊರಗೆ. ಸೆರಗಿನೊಳಗೆ ಮೈಕು ಸಿಕ್ಕಿಸಿ ಪ್ರಶ್ನೆ ಶುರು. ಉತ್ತರ ಮುಗಿದ ಮೇಲೂ ನಿರ್ದೇಶಕರು ಮಾತಾಡದೆ ನೋಡುತ್ತ ಕೂರುತ್ತಾರೆ. ಆ ಮೌನವನ್ನು ತಾಳಲಾರದೆ ಎದುರಿನವರು ಇನ್ನಷ್ಟು ಬಾಯಿಬಿಡುತ್ತಾರೆ ಎಂಬುದು ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಕಣ್ಣು ತುಂಬಿತೆಂದರೆ ಲೆನ್ಸು ಮುಖದ ಹತ್ತಿರಕ್ಕೆ ಸರಿಯುತ್ತದೆ. ಅಷ್ಟರಲ್ಲಿ ಹೊರಗೆ ಬೈಕೊಂದು ಹಾದುಹೋದರೆ, “ಅಕ್ಕಾ, ಇನ್ನೊಂದು ಸಲ ಹೇಳ್ತೀರಾ, ಮಗಳು ಹೋದ ದಿನದ್ದು, ಅಲ್ಲಿಂದ ಶುರುಮಾಡಿ.” ಅಕ್ಕ ಮತ್ತೆ ಮೊದಲಿನಿಂದ ಹೇಳಬೇಕು. ಎಲ್ಲ ಮುಗಿದ ಮೇಲೆ ಧ್ವನಿಗ್ರಾಹಕರು ಎಲ್ಲರನ್ನೂ ಅರ್ಧ ನಿಮಿಷ ಅಲುಗಾಡದೆ ಕೂರಲು ಹೇಳುತ್ತಾರೆ. ಸಂಕಲನಕ್ಕೆ ಕೋಣೆಯ ನಿಶ್ಶಬ್ದವೂ ಬೇಕು, ಅದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಬದುಕಿನ ಅತಿ ಕೆಟ್ಟ ದಿನವನ್ನು ಎರಡು ಸಲ ಹೇಳಿ ಮುಗಿಸಿದವಳಿಗೆ ಆ ಅರ್ಧ ನಿಮಿಷದಲ್ಲಿ ಒಂದು ಲೋಟ ನೀರು ಕೊಡುವುದಕ್ಕೂ ಅನುಮತಿ ಇಲ್ಲ.

ಇದರ ಪಕ್ಕಕ್ಕೆ ಆಪ್ತಸಮಾಲೋಚನೆಯ ಒಂದು ಗಂಟೆಯನ್ನು ಇಟ್ಟು ನೋಡಬೇಕು. ನುರಿತ ಆಪ್ತಸಮಾಲೋಚಕಿ ಎದುರಿನವರ ಉಸಿರು ಏರಿದ್ದನ್ನು, ಕೈ ನಡುಗಿದ್ದನ್ನು ಗಮನಿಸುತ್ತಾರೆ. ಮಾತು ಮಿತಿಮೀರಿ ಆಳಕ್ಕೆ ಇಳಿಯುತ್ತಿದೆ ಅನಿಸಿದರೆ “ಇವತ್ತಿಗೆ ಇಷ್ಟು ಸಾಕು” ಎಂದು ತಡೆಯುತ್ತಾರೆ. ಎದ್ದು ಹೋಗುವ ಹೊತ್ತಿಗೆ ಆ ವ್ಯಕ್ತಿ ಬಸ್ಸು ಹತ್ತಿ ಮನೆ ಸೇರುವ ಸ್ಥಿತಿಯಲ್ಲಿದ್ದಾರೆಯೇ, ರಾತ್ರಿ ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ಆಪ್ತಸಮಾಲೋಚಕಿ ಮಾತನ್ನು ನಿಲ್ಲಿಸುವ ಆ ಕ್ಷಣವೇ ಸಾಕ್ಷ್ಯಚಿತ್ರಕಾರರ ಪಾಲಿಗೆ ಚಿತ್ರದ ಅತ್ಯುತ್ತಮ ಕ್ಷಣ. ಎರಡು ಕಸುಬುಗಳ ಹಿತ ಇಲ್ಲಿ ನೇರವಾಗಿ ಡಿಕ್ಕಿ ಹೊಡೆಯುತ್ತದೆ. ಈ ಡಿಕ್ಕಿಯನ್ನು ಒಪ್ಪಿಕೊಳ್ಳದೆ ‘ನಮ್ಮ ಚಿತ್ರವೇ ಒಂದು ಥೆರಪಿ’ ಎನ್ನುವವರು ಎರಡೂ ಕಸುಬುಗಳಿಗೆ ಅನ್ಯಾಯ ಮಾಡುತ್ತಿದ್ದಾರೆ.

ಒಪ್ಪಿಗೆ ಪತ್ರ ಎರಡನೆಯ ಆರೋಪಕ್ಕೆ ದಾರಿ ಮಾಡುತ್ತದೆ. ‘ಅವರೇ ಸಹಿ ಹಾಕಿದ್ದಾರಲ್ಲ’ ಎಂಬುದು ಸಿದ್ಧ ಉತ್ತರ. ಯಾವುದಕ್ಕೆ ಸಹಿ? ಬಳಕೆಯಲ್ಲಿರುವ ರಿಲೀಸ್ ಫಾರಂಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಮುಖ, ಧ್ವನಿ, ಮಾತುಗಳನ್ನು ಶಾಶ್ವತವಾಗಿ, ಇಡೀ ವಿಶ್ವದಲ್ಲಿ, ಈಗಿರುವ ಮತ್ತು ಮುಂದೆ ಹುಟ್ಟುವ ಎಲ್ಲ ಮಾಧ್ಯಮಗಳಲ್ಲಿ ಬಳಸಲು ಒಪ್ಪಿದ್ದೇನೆ ಎಂಬ ವಾಕ್ಯ ಅವುಗಳಲ್ಲಿ ಮಾಮೂಲು. ಇದರ ಕೆಳಗೆ ಹೆಬ್ಬೆಟ್ಟು ಒತ್ತುವ ಮುದುಕಿಗೆ ತನ್ನ ಮೊಮ್ಮಗಳ ಮದುವೆ ಮಾತುಕತೆಯ ಹೊತ್ತಿಗೆ ಈ ಚಿತ್ರ ಗಂಡಿನ ಮನೆಯವರ ಮೊಬೈಲಿನಲ್ಲಿ ಇರಬಹುದು ಎಂದು ಯಾರಾದರೂ ತಿಳಿಸಿ ಹೇಳಿದ್ದಾರೆಯೇ? ಸಹಿ ತೆಗೆದುಕೊಳ್ಳುವುದು ಹೆಚ್ಚಾಗಿ ಚಿತ್ರೀಕರಣ ಮುಗಿದ ಕೂಡಲೇ, ಅತ್ತ ಕಣ್ಣು ಇನ್ನೂ ಆರದಿರುವಾಗ. ಚಿತ್ರತಂಡವನ್ನು ಊರಿಗೆ ಕರೆತಂದ ಸಂಸ್ಥೆಯ ಕಾರ್ಯಕರ್ತೆ ಪಕ್ಕದಲ್ಲೇ ನಿಂತಿರುತ್ತಾರೆ. ಪಿಂಚಣಿ ಅರ್ಜಿ, ಸ್ವಸಹಾಯ ಸಂಘದ ಸಾಲ ಎಲ್ಲ ಅವರ ಕೈಯಲ್ಲಿ. ಹೀಗಿರುವಾಗ ‘ಬೇಡ’ ಎನ್ನುವ ಸ್ವಾತಂತ್ರ್ಯ ಎಷ್ಟು ಉಳಿಯುತ್ತದೆ?

ಇದೇ ಮುದುಕಿಗೆ ಇದೇ ಪ್ರಶ್ನೆಗಳನ್ನು ಆರೋಗ್ಯ ಸಂಶೋಧಕರೊಬ್ಬರು ಕೇಳಬೇಕೆಂದರೆ ನೈತಿಕ ಸಮಿತಿಯ ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ದುರ್ಬಲ ಸ್ಥಿತಿಯಲ್ಲಿರುವವರಿಗೆ ಹೆಚ್ಚುವರಿ ರಕ್ಷಣೆ ಬೇಕೆನ್ನುತ್ತದೆ. ಅವರ ಭಾಷೆಯಲ್ಲಿ ವಿವರಿಸಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯಲು ಬಿಡಬೇಕು ಎನ್ನುತ್ತದೆ. ಸಂಶೋಧಕರು ಆಕೆಯ ಹೆಸರನ್ನೂ ಅಚ್ಚು ಹಾಕುವಂತಿಲ್ಲ. ಆಕೆಯ ಮುಖವನ್ನೇ ಪರದೆಯ ಮೇಲೆ ಇಪ್ಪತ್ತು ಅಡಿ ಎತ್ತರಕ್ಕೆ ತೋರಿಸುವವರಿಗೆ ಇಂಥ ಯಾವ ತಡೆಯೂ ಇಲ್ಲ. ಹೆಚ್ಚು ಹಾನಿ ಮಾಡಬಲ್ಲವರಿಗೆ ಕಡಿಮೆ ನಿಯಮ ಇರುವುದನ್ನು ಈ ಕ್ಷೇತ್ರ ಕಲೆಯ ಸ್ವಾತಂತ್ರ್ಯ ಎಂಬ ಹೆಸರಿನಲ್ಲಿ ಇಷ್ಟು ವರ್ಷ ಸಮರ್ಥಿಸಿಕೊಂಡು ಬಂದಿದೆ.

ಚಿತ್ರ ಬಿಡುಗಡೆಯಾದ ಮೇಲಿನ ಕಥೆಗೆ ಎರಡು ಉದಾಹರಣೆ ಸಾಕು. ಕೋಲ್ಕತ್ತದ ಸೋನಾಗಾಚಿಯ ಮಕ್ಕಳ ಬಗ್ಗೆ ಜಾನಾ ಬ್ರಿಸ್ಕಿ ಮತ್ತು ರಾಸ್ ಕೌಫ್‌ಮನ್ ತೆಗೆದ ‘ಬಾರ್ನ್ ಇಂಟು ಬ್ರಾದೆಲ್ಸ್’ 2005ರಲ್ಲಿ ಆಸ್ಕರ್ ಪಡೆಯಿತು. ಅದೇ ಸೋನಾಗಾಚಿಯಲ್ಲಿ ಲೈಂಗಿಕ ಕಾರ್ಯಕರ್ತೆಯರು 1995ರಲ್ಲೇ ಕಟ್ಟಿಕೊಂಡಿದ್ದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಚಿತ್ರವನ್ನು ಕಟುವಾಗಿ ಟೀಕಿಸಿತು. ಸಂಘಟಿತರಾಗಿ ಹೋರಾಡುತ್ತಿದ್ದ ತಾಯಂದಿರು ಚಿತ್ರದಲ್ಲಿ ಕಾಣಿಸುವುದು ಮಕ್ಕಳ ದಾರಿಗೆ ಅಡ್ಡವಾದವರಂತೆ. ಅಲ್ಲಿನವರ ಗುರುತು ಕಾಪಾಡಲು ಚಿತ್ರವನ್ನು ಭಾರತದಲ್ಲಿ ತೋರಿಸುವುದಿಲ್ಲ ಎಂದು ಚಿತ್ರ ತೆಗೆದವರು ಆಗ ಹೇಳಿದ್ದರು. ಇಂಟರ್ನೆಟ್ ಎಲ್ಲರ ಕೈಗೆ ಬಂದ ಮೇಲೆ ಅಂಥ ಮಾತಿಗೆ ಅರ್ಥ ಉಳಿಯುವುದಿಲ್ಲ.

ಎರಡನೆಯದು ಕನ್ನಡನಾಡಿನ ಗಡಿಗೆ ಅಂಟಿಕೊಂಡದ್ದು. ಉತ್ತರ ಕರ್ನಾಟಕ ಮತ್ತು ಸಾಂಗ್ಲಿ ಭಾಗದ ದೇವದಾಸಿ ಹೆಂಗಸರ ಬಗ್ಗೆ 2010ರಲ್ಲಿ ವೈಸ್ ಸಂಸ್ಥೆ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಚಿತ್ರವನ್ನು ಅಂತರ್ಜಾಲದಲ್ಲಿ ಬಿಟ್ಟಿತು. ಚಿತ್ರತಂಡವನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡಿದ್ದ ಸಾಂಗ್ಲಿಯ ಲೈಂಗಿಕ ಕಾರ್ಯಕರ್ತೆಯರ ‘ವ್ಯಾಂಪ್’ ಸಂಘಟನೆಯ ಹೆಂಗಸರು ಅದನ್ನು ನೋಡಿ ಕೆರಳಿದರು. ತಮ್ಮ ಬದುಕನ್ನು ತಿರುಚಿ ತೋರಿಸಿದ್ದಾರೆ, ವಿಶ್ವಾಸಕ್ಕೆ ದ್ರೋಹವಾಗಿದೆ ಎಂದು ತಾವೇ ಕ್ಯಾಮೆರಾ ಎದುರು ನಿಂತು ಉತ್ತರದ ವಿಡಿಯೊ ಮಾಡಿ ಹೊರಬಿಟ್ಟರು. ಅವರಿಗೆ ಸಂಘಟನೆಯ ಬಲವಿತ್ತು. ಅಂಥ ಬಲವಿಲ್ಲದ ಒಂಟಿ ಹೆಂಗಸಿಗೆ ಹೀಗಾದರೆ ಅವಳು ಎಲ್ಲಿ ನಿಂತು ಉತ್ತರ ಕೊಡಬೇಕು? ಅವಳ ಊರಿನಲ್ಲಿ ಆ ಚಿತ್ರ ಮೊಬೈಲಿಂದ ಮೊಬೈಲಿಗೆ ಹೋಗುವಾಗ ನಿರ್ದೇಶಕರು ಮುಂದಿನ ಚಿತ್ರದಲ್ಲಿ ಮುಳುಗಿರುತ್ತಾರೆ.

ಆಪ್ತಸಮಾಲೋಚನೆ ನಡೆಸುವ ಸಂಸ್ಥೆಗಳು ಈ ಆರೋಪದಿಂದ ಹೊರಗಿಲ್ಲ. ದಾನಿಗಳಿಗೆ ತೋರಿಸಲು ‘ಯಶೋಗಾಥೆ’ಯ ವಿಡಿಯೊ ಬೇಕೆಂದು, ಚಿಕಿತ್ಸೆ ಇನ್ನೂ ನಡೆಯುತ್ತಿರುವವರನ್ನೇ ಕ್ಯಾಮೆರಾ ಮುಂದೆ ಕೂರಿಸುವ ಪರಿಪಾಠ ಬೆಳೆದಿದೆ. ನಾಲ್ಕು ಗೋಡೆಯ ನಡುವೆ ನಂಬಿ ಹೇಳಿದ್ದು ವಾರ್ಷಿಕ ವರದಿಯ ಸರಕಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಂ, ಚಿಕಿತ್ಸೆ ಪಡೆಯುತ್ತಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎನ್ನುತ್ತದೆ. ಅದೇ ವರ್ಷದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿನ ಸ್ಥಿತಿಯನ್ನು ಬಹಿರಂಗಪಡಿಸುವುದಕ್ಕೆ ತಡೆ ಹಾಕಿದೆ. ಆದರೆ ತನ್ನ ಆಪ್ತಸಮಾಲೋಚಕಿಯೇ ಕೇಳಿದಾಗ ಒಪ್ಪಿಗೆ ಕೊಡದಿರಲು ಯಾರಿಗೆ ಮನಸ್ಸಾಗುತ್ತದೆ? ಕೇಳಿಸಿಕೊಳ್ಳುವವರೂ ಚಿತ್ರ ಹಿಡಿಯುವವರೂ ಒಬ್ಬರೇ ಆದಾಗ ಕಾನೂನಿನ ಒಪ್ಪಿಗೆ ಬರೀ ಕಾಗದವಾಗುತ್ತದೆ.

‘ದನಿ ಇಲ್ಲದವರಿಗೆ ದನಿ ಕೊಡುತ್ತಿದ್ದೇವೆ’ ಎಂಬ ಸಮರ್ಥನೆಯನ್ನಂತೂ ಇನ್ನು ಕೈಬಿಡಬೇಕು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗ, ಯಾವ ಚಿತ್ರ ದೇಶದ ಮನ ಕಲಕುತ್ತದೆ ಎಂಬುದು ಅವರಿಗೆ ಯಾವ ನಿರ್ದೇಶಕರಿಗಿಂತ ಕಡಿಮೆ ಗೊತ್ತಿರಲಿಲ್ಲ. ಅಹಮದಾಬಾದಿನ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘಟನೆಯಲ್ಲಿ ತರಕಾರಿ ಮಾರುವ ಹೆಂಗಸರು 1984ರಲ್ಲೇ ವಿಡಿಯೊ ಕಲಿತು ತಮ್ಮ ಚಿತ್ರಗಳನ್ನು ತಾವೇ ತೆಗೆದರು. ಬೀದರಿಗೆ ಹತ್ತಿರದ ಜಹೀರಾಬಾದ್ ಸೀಮೆಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರು ಕ್ಯಾಮೆರಾ ಹಿಡಿದು, ಮೇಲಿನಿಂದ ಕೆಳಕ್ಕೆ ನೋಡುವ ಕೋನವನ್ನು ಪಟೇಲ್ ಶಾಟ್ ಎಂದೂ ಕಣ್ಣಿನ ಮಟ್ಟದಲ್ಲಿ ಹಿಡಿದದ್ದನ್ನು ಸಂಘಂ ಶಾಟ್ ಎಂದೂ ಕರೆದರು. ಹೊಲದ ಬದುವಿನಲ್ಲಿ ಕೂತ ಕೂಲಿಯವಳನ್ನು ನಿಂತುಕೊಂಡೇ ಚಿತ್ರೀಕರಿಸಿದರೆ ಕ್ಯಾಮೆರಾ ಜಮೀನ್ದಾರನ ಕಣ್ಣಾಗುತ್ತದೆ ಎಂದು ಅವರಿಗೆ ಯಾವ ಚಿತ್ರಶಾಲೆಯೂ ಹೇಳಿಕೊಟ್ಟಿರಲಿಲ್ಲ. ಇವರಿಗೆ ದನಿಯಿತ್ತು. ಬೇಕಾಗಿದ್ದದ್ದು ಸಲಕರಣೆ, ತರಬೇತಿ, ಹೇಳಿದ್ದಕ್ಕೆ ತಾವೇ ಒಡೆಯರೆಂಬ ಖಾತ್ರಿ.

ಎರಡು ಕಸುಬುಗಳನ್ನು ಸರಿಯಾಗಿ ಬೆಸೆಯಲು ಸಾಧ್ಯ ಎಂಬುದಕ್ಕೆ ಪುರಾವೆ ಇದೆ. ಹಾಗಾಗಿಯೇ ಈಗಿನ ಉದಾಸೀನ ಅಕ್ಷಮ್ಯ. ಕೆನಡಾದ ಫೋಗೊ ದ್ವೀಪದಲ್ಲಿ 1967ರಲ್ಲಿ ನಿರ್ದೇಶಕ ಕಾಲಿನ್ ಲೋ ಮೀನುಗಾರರ ನಡುವೆ ಕಿರುಚಿತ್ರಗಳನ್ನು ತೆಗೆದಾಗ, ಅವನ್ನು ಮೊದಲು ನೋಡಿದವರು ದ್ವೀಪದ ಜನರೇ. ಬೇಡವೆನಿಸಿದ್ದನ್ನು ತೆಗೆಸುವ ಹಕ್ಕು ಮಾತಾಡಿದವರಿಗಿತ್ತು. ಪಿನೋಚೆ ಆಳ್ವಿಕೆಯ ಚಿಲಿಯಲ್ಲಿ ಚಿತ್ರಹಿಂಸೆ ಅನುಭವಿಸಿದವರ ಜೊತೆ ಕೆಲಸ ಮಾಡಿದ ಇಬ್ಬರು ಮನಶ್ಶಾಸ್ತ್ರಜ್ಞೆಯರು 1983ರಲ್ಲಿ ಗುಪ್ತನಾಮದಲ್ಲಿ ಸಾಕ್ಷ್ಯ ಚಿಕಿತ್ಸೆಯ ಕ್ರಮವನ್ನು ಪ್ರಕಟಿಸಿದರು. ಆ ದಾರಿಯನ್ನು ಹಿಡಿದು ವಾರಾಣಸಿಯ ಮಾನವಾಧಿಕಾರ ಜನನಿಗರಾನಿ ಸಮಿತಿ, ಡೆನ್ಮಾರ್ಕಿನ ತಜ್ಞರ ಜೊತೆಗೂಡಿ 2008ರಲ್ಲಿ ಪೊಲೀಸ್ ಹಿಂಸೆಗೆ ಸಿಕ್ಕವರ ನಡುವೆ ಪ್ರಯೋಗ ನಡೆಸಿತು. ಕಥೆಯನ್ನು ಒಂದೇ ಸಲಕ್ಕೆ ಹೇಳಿಸಲಿಲ್ಲ. ಹಲವು ಕೂಟಗಳನ್ನು ಏರ್ಪಡಿಸಿದರು. ಮೊದಲ ದಿನ ಬರೆದುಕೊಂಡದ್ದನ್ನು ಮುಂದಿನ ಕೂಟದಲ್ಲಿ ಹೇಳಿದವರಿಗೇ ಓದಿ ಹೇಳಿ, ಅವರಿಂದ ತಿದ್ದಿಸಿಕೊಂಡರು. ಉಸಿರಿನ ಕಡೆ ಗಮನ ಕೊಡುವ ಧ್ಯಾನ ಜೊತೆಗಿತ್ತು. ಆಮೇಲೆ ಊರವರು ಸೇರಿದ ಗೌರವ ಸಮಾರಂಭದಲ್ಲಿ ಆ ಸಾಕ್ಷ್ಯವನ್ನು ಓದಿ, ಹೇಳಿದವರ ಕೈಗೇ ಒಪ್ಪಿಸಿದರು; ನಂತರವೂ ಬಂದು ವಿಚಾರಿಸಿದರು. ಮೊದಲೂ ಕೊನೆಗೂ ಅಳೆದು ನೋಡಿದ 23 ಮಂದಿಯ ಪೈಕಿ ಬಹುತೇಕರಲ್ಲಿ ಸುಧಾರಣೆ ಕಂಡಿತ್ತು. ಪ್ರಯೋಗ ಚಿಕ್ಕದು, ಹೋಲಿಕೆಗೆ ಇನ್ನೊಂದು ಗುಂಪೂ ಇರಲಿಲ್ಲ. ಆದರೂ ಅದರ ಕ್ರಮ ಚಿತ್ರತಂಡಗಳಿಗೆ ನೇರ ಪಾಠ. ಕಾಗದದ ಜಾಗದಲ್ಲಿ ಕ್ಯಾಮೆರಾ, ಓದಿ ಹೇಳುವ ಜಾಗದಲ್ಲಿ ಕಚ್ಚಾ ಸಂಕಲನದ ಪ್ರದರ್ಶನ, ಗೌರವ ಸಮಾರಂಭದ ಜಾಗದಲ್ಲಿ ಊರಿನ ಮೊದಲ ಪ್ರದರ್ಶನ ಇಟ್ಟರೆ ಸಾಕು, ದಾರಿ ಸಿದ್ಧವಿದೆ.

ಈ ದಾರಿಯಲ್ಲಿ ಆಪ್ತಸಮಾಲೋಚಕಿಯೂ ಚಿತ್ರತಂಡದ ಜೊತೆಗಿರಬೇಕು. ಆದರೆ ಅವರು ಸೆಟ್ಟಿನಲ್ಲಿದ್ದರೆ ಸತ್ಯ ಕಲುಷಿತವಾಗುತ್ತದೆ, ಅನಿಸಿಕೆ ತಿದ್ದಿದಂತಾಗುತ್ತದೆ ಎಂಬ ಆಕ್ಷೇಪವಿದೆ. ಲೈಟು, ಮೈಕು, ಮರುಟೇಕಿನಿಂದ ಕಲುಷಿತವಾಗದ ಸತ್ಯ ಒಬ್ಬ ಆಸರೆಯ ಮನುಷ್ಯರಿಂದ ಕಲುಷಿತವಾಗುತ್ತದೆಯೇ? ಖರ್ಚು ಹೆಚ್ಚುತ್ತದೆ ಎಂಬುದು ಇನ್ನೊಂದು. ಡ್ರೋನ್ ಬಾಡಿಗೆಗೆ, ಬಣ್ಣ ತಿದ್ದುವ ಸ್ಟುಡಿಯೊಗೆ ಹಣ ಹೊಂದಿಸುವ ಬಜೆಟ್ಟಿಗೆ ಆಪ್ತಸಮಾಲೋಚಕಿಯ ಸಂಬಳ ಭಾರವಾಗಬಾರದು. ತರಬೇತಾದವರು ಸಿಗುವುದಿಲ್ಲ ಎಂಬ ಮಾತಿಗೆ ಗೋವಾದಲ್ಲೇ ಉತ್ತರವಿದೆ: ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ಮನೋವೈದ್ಯರಲ್ಲದ ಸ್ಥಳೀಯರನ್ನು ತರಬೇತುಗೊಳಿಸಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಒಳ್ಳೆಯ ಫಲ ಕಂಡದ್ದು 2010ರಲ್ಲಿ ಪ್ರಕಟವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ 2022ರಿಂದ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಸಿಗುತ್ತದೆ. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುವಷ್ಟಾದರೂ ಎಷ್ಟು ಚಿತ್ರತಂಡಗಳು ಮಾಡುತ್ತವೆ?

ಇನ್ನು ವಿನಂತಿಯ ಕಾಲ ಮುಗಿದಿದೆ, ನಿಯಮ ಬೇಕು. ನೊಂದ ಸಮುದಾಯದ ನಡುವೆ ತೆಗೆಯುವ ಪ್ರತಿ ಸಾಕ್ಷ್ಯಚಿತ್ರಕ್ಕೂ ಚಿತ್ರೀಕರಣಕ್ಕೆ ಮೊದಲೇ ಒಬ್ಬ ಆಪ್ತಸಮಾಲೋಚಕಿಯನ್ನು ನೇಮಿಸಬೇಕು. ಸಂಬಳ ಚಿತ್ರದ ಬಜೆಟ್ಟಿನಿಂದ ಬರಲಿ, ಆದರೆ ಅವರು ಉತ್ತರಿಸಬೇಕಾದದ್ದು ಸಮುದಾಯದ ಸಂಘಕ್ಕೆ, ನಿರ್ದೇಶಕರಿಗಲ್ಲ. ಯಾವ ಕ್ಷಣದಲ್ಲಾದರೂ ಚಿತ್ರೀಕರಣ ನಿಲ್ಲಿಸುವ ಅಧಿಕಾರ ಅವರಿಗಿರಬೇಕು. ಅವರು ಕೇಳಿದ ಖಾಸಗಿ ಮಾತು ಚಿತ್ರಕ್ಕೆ ಬರಕೂಡದು. ಕಥೆ ಹೇಳುವವರ ಒಪ್ಪಿಗೆಯನ್ನು ಎರಡು ಸಲ, ಅವರದೇ ಭಾಷೆಯಲ್ಲಿ ಪಡೆಯಬೇಕು: ಮೊದಲ ಸಲ ಕ್ಯಾಮೆರಾ ಊರಿಗೆ ಬರುವ ಮುಂಚೆ, ಎರಡನೆಯ ಸಲ ಕಚ್ಚಾ ಸಂಕಲನ ನೋಡಿ, ಮನೆಯವರೊಂದಿಗೆ ಮಾತಾಡಿ, ದಿನಗಳು ಕಳೆದ ಮೇಲೆ. ಬೇಡವೆಂದರೆ ದೃಶ್ಯವನ್ನು ತೆಗೆಯಬೇಕು, ಅದು ಚಿತ್ರದ ಜೀವವೇ ಆಗಿದ್ದರೂ. ಬಿಡುಗಡೆಯಾದ ಮೇಲೆ ಕನಿಷ್ಠ ಒಂದು ವರ್ಷ ಆಪ್ತಸಮಾಲೋಚನೆ ಮುಂದುವರಿಯಬೇಕು, ಏಕೆಂದರೆ ಊರಿನ ಮಾತು, ಗುರುತು ಹಿಡಿಯುವ ಬೆರಳು ಶುರುವಾಗುವುದು ಆಗಲೇ.

ಇದನ್ನು ಜಾರಿಗೆ ತರಬಲ್ಲವರು ಹಣ ಕೊಡುವವರು ಮತ್ತು ಪರದೆ ಕೊಡುವವರು. ಕರ್ನಾಟಕ ಚಲನಚಿತ್ರ ಅಕಾಡೆಮಿ ತನ್ನ ಕಮ್ಮಟಗಳಲ್ಲಿ ಇದನ್ನು ಕಲಿಸಲಿ. ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಸಾಕ್ಷ್ಯಚಿತ್ರಗಳನ್ನು ಸಂಶೋಧನಾ ಪ್ರಬಂಧದಂತೆಯೇ ನೈತಿಕ ಸಮಿತಿಯ ಮುಂದೆ ಇಡಲಿ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವವೂ ಸೇರಿದಂತೆ ಎಲ್ಲ ಉತ್ಸವಗಳು ಪ್ರವೇಶದ ಅರ್ಜಿಯಲ್ಲಿ ಆಪ್ತಸಮಾಲೋಚಕಿಯ ಹೇಳಿಕೆಯನ್ನೂ, ಸಮುದಾಯಕ್ಕೆ ಚಿತ್ರವನ್ನು ಮೊದಲು ತೋರಿಸಿದ್ದರ ದಾಖಲೆಯನ್ನೂ ಕೇಳಲಿ. ಎರಡನ್ನೂ ಕೊಡಲಾಗದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದಕ್ಕೆ ಅನುದಾನವೂ ಸಿಗಬಾರದು, ಪ್ರದರ್ಶನವೂ ಸಿಗಬಾರದು.